ಬೆಕ್ಕು ಯಾರದು?

ಇಂದಿನ ಧಮ್ಮ ಚಿಂತನೆ



ಈ ದಿನ ಮೈತ್ರಿಯ ಬಗ್ಗೆ ಬರೆಯಬೇಕೆಂದು ಕೂತಿದ್ದೆ. ಆದರೆ ಹದಿನೈದು ದಿನಗಳಿಂದ ನಮ್ಮ ವಿಹಾರದಲ್ಲಿ ವಂದನೆ ಮುಗಿದ ಕೂಡಲೇ ಏಳುವ ಮಾತು ಒಂದೇ, ಬೆಕ್ಕಿನ ಮಾತು. ಹಾಗಾಗಿ ಅದನ್ನೇ ಬರೆಯುತ್ತೇನೆ. ಎರಡೂ ಮನೆಯವರನ್ನು ಕೇಳಿದ್ದೇನೆ, ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಓಣಿಯ ಒಂದು ಮನೆಯ ಹುಡುಗಿ ಚರಂಡಿಯಿಂದ ಬೆಕ್ಕಿನ ಮರಿಯೊಂದನ್ನು ಎತ್ತಿಕೊಂಡು ಬಂದಳು. ಇನ್ನೂ ಕಣ್ಣು ಸರಿಯಾಗಿ ಬಿಟ್ಟಿರಲಿಲ್ಲ. ಹತ್ತಿ ಅದ್ದಿ ಹಾಲು ಕುಡಿಸಿ ಬದುಕಿಸಿದಳು. ಚಿನ್ನಿ ಎಂದು ಹೆಸರಿಟ್ಟಳು. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಊರಲ್ಲಿ ಕೆಲಸವಿಲ್ಲದೆ ಆ ಮನೆಯವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು. ಬಸ್ಸಿನಲ್ಲಿ ಗಂಟುಮೂಟೆಗೇ ಜಾಗವಿಲ್ಲ, ಬೆಕ್ಕಿಗೆಲ್ಲಿ? ಓಣಿಯಲ್ಲಿ ಹೇಗೋ ಬದುಕಿಕೊಳ್ಳುತ್ತದೆ ಎಂದು ಬಿಟ್ಟು ಹೋದರು. ಯಾರಿಗೂ ಹೇಳಿ ಹೋಗಲಿಲ್ಲ. ಎಂಟು ತಿಂಗಳು.

ಆ ಎಂಟು ತಿಂಗಳಲ್ಲಿ ಬೆಕ್ಕನ್ನು ನಾಯಿ ಕಚ್ಚಿತು. ಹಿಂಗಾಲು ಎಳೆಯುತ್ತ ಬಂದು ಓಣಿಯ ತುದಿಯಲ್ಲಿ ಒಬ್ಬರೇ ಇರುವ ಆಯಿಯ ಕಟ್ಟೆಯ ಕೆಳಗೆ ಬಿತ್ತು. ಆಯಿ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ನಡೆದುಕೊಂಡು ಹೋದರು. ಒಂದು ಸಲವಲ್ಲ, ಐದು ಸಲ. ಹೊರಗಿನಿಂದ ತರಲು ಬರೆದುಕೊಟ್ಟ ಔಷಧಿಯನ್ನು ತಮ್ಮ ವಿಧವಾ ವೇತನದಲ್ಲಿ ತಂದರು. ದಿನಾ ಗಾಯ ತೊಳೆದರು. ಕಾಲು ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ಬೆಕ್ಕು ಉಳಿಯಿತು. ಆಯಿಗೆ ಅದು ರಾಣಿ.

ಬೆಂಗಳೂರಿನಿಂದ ಬಂದ ದಿನವೇ ಹುಡುಗಿ ಓಣಿಯೆಲ್ಲ ಹುಡುಕಿದಳು. ಆಯಿಯ ಬಾಗಿಲಿಗೂ ಹೋದಳು. ಆಯಿ ‘ನಿಮ್ಮ ಬೆಕ್ಕು ಇಲ್ಲಿಲ್ಲ ಮಗಾ’ ಎಂದುಬಿಟ್ಟರು. ಅಷ್ಟರಲ್ಲಿ ಒಳಗಿನಿಂದ ಬೆಕ್ಕು ಕೂಗಿತು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಹುಡುಗಿಯ ತಾಯಿ ಮುಂದಿನ ಭಾನುವಾರ ವಿಹಾರದ ಅಂಗಳದಲ್ಲಿ ಎಲ್ಲರೆದುರು ಆಯಿಯನ್ನು ‘ಕಳ್ಳಿ’ ಎಂದರು. ಅಂದಿನಿಂದ ಎರಡೂ ಮನೆಯವರು ಒಂದೇ ಚಾಪೆಯಲ್ಲಿ ಕೂರುತ್ತಿಲ್ಲ.

ಈ ಮಾತು ಗುಂಪಿನಲ್ಲಿ ಬಂದಾಗ ಒಬ್ಬ ತರುಣ ಉಪಾಸಕರು ಕೇಳಿದರು: ‘ನಮ್ಮವರ ಮೇಲಿನ ದೌರ್ಜನ್ಯದ ಕೇಸುಗಳು ಕೋರ್ಟಿನಲ್ಲಿ ಕೊಳೆಯುತ್ತಿವೆ, ನಾವು ಬೆಕ್ಕಿನ ಪಂಚಾಯಿತಿ ಮಾಡೋಣವೇ?’ ಅವರ ಸಿಟ್ಟನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರಲ್ಲಿ ಇನ್ನೊಂದು ನೋವೂ ಇದೆ. ನಮ್ಮ ಹಿರಿಯರಿಗೆ ಪ್ರವೇಶವಿಲ್ಲದ ಅಡುಗೆಮನೆಗಳಲ್ಲಿ ಬೆಕ್ಕು ಒಲೆಯ ಪಕ್ಕ ಮಲಗುತ್ತಿತ್ತು. ಮಹಾಡದ ಚವದಾರ ಕೆರೆಯಲ್ಲಿ ದನಕರು ನೀರು ಕುಡಿಯಬಹುದಿತ್ತು, ನಾವು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಕುಡಿದ ಮೇಲೆ ಕೆರೆಯನ್ನೇ ಸಗಣಿ ಗಂಜಳ ಸುರಿದು ‘ಶುದ್ಧ’ ಮಾಡಿದರು. 1931ರಲ್ಲಿ ಗಾಂಧಿಯವರನ್ನು ಮೊದಲ ಸಲ ಭೇಟಿಯಾದಾಗ ಬಾಬಾಸಾಹೇಬರು ಕೇಳಿದ್ದೂ ಇದನ್ನೇ: ನಾಯಿ ಬೆಕ್ಕುಗಳಿಗಿಂತ ಕೀಳಾಗಿ ನಮ್ಮನ್ನು ಕಾಣುವ ನಾಡನ್ನು ನಮ್ಮದೆಂದು ಹೇಗೆ ಕರೆಯುವುದು?

ಇಷ್ಟೆಲ್ಲ ನಡೆದ ಮೇಲೂ ಅದೇ ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹದಿಮೂರನೆಯದು ಎಲ್ಲ ಜೀವಿಗಳ ಮೇಲೆ ದಯೆ ತೋರಿ ಕಾಪಾಡುವುದು. ಹದಿನಾಲ್ಕನೆಯದು ಕದಿಯದಿರುವುದು. ಹದಿನೈದನೆಯದು ಸುಳ್ಳು ಹೇಳದಿರುವುದು. ಒಂದು ಕುಂಟು ಬೆಕ್ಕಿನ ಜಗಳದಲ್ಲಿ ಈ ಮೂರೂ ಸಾಲಾಗಿ ಬಂದು ನಿಂತಿವೆ ನೋಡಿ. ನಮ್ಮನ್ನು ಬೆಕ್ಕಿಗಿಂತ ಕೆಳಗಿಟ್ಟವರು ಮನುಷ್ಯರು. ಆ ನಿಯಮವನ್ನು ಬೆಕ್ಕು ಬರೆದಿರಲಿಲ್ಲ.

ಯಾರದು ಎಂಬ ಪ್ರಶ್ನೆ ಬಂದರೆ ನಮಗೆಲ್ಲ ಮೊದಲು ನೆನಪಾಗುವುದು ಸಿದ್ಧಾರ್ಥ ಮತ್ತು ದೇವದತ್ತನ ಕಥೆ. ಶಾಲೆಯ ಪುಸ್ತಕದಲ್ಲಿ ಅದು ಹಂಸ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಹಕ್ಕಿ ಎಂದಷ್ಟೇ ಹೇಳುತ್ತಾರೆ. ಮರದ ಕೆಳಗೆ ಕೂತಿದ್ದ ಸಿದ್ಧಾರ್ಥನ ಮುಂದೆ ಬಾಣ ನಾಟಿದ ಹಕ್ಕಿ ಬೀಳುತ್ತದೆ. ಆತ ಬಾಣ ತೆಗೆದು, ಗಾಯಕ್ಕೆ ಕಟ್ಟು ಹಾಕಿ, ನೀರು ಕುಡಿಸಿ, ಉತ್ತರೀಯದಲ್ಲಿ ಸುತ್ತಿ ಎದೆಗಿಟ್ಟುಕೊಳ್ಳುತ್ತಾನೆ. ಹೊಡೆದವನದೇ ಬೇಟೆ, ಆಟದ ನಿಯಮ ಹಾಗೇ ಇದೆ ಎನ್ನುತ್ತಾನೆ ದೇವದತ್ತ. ಆ ನಿಯಮವೇ ಸರಿಯಲ್ಲ, ಕಾಪಾಡಿದವನಿಗೆ ಮಾತ್ರ ಹಕ್ಕು ಎನ್ನುತ್ತಾನೆ ಸಿದ್ಧಾರ್ಥ. ವಿವಾದ ಮಧ್ಯಸ್ಥರ ಮುಂದೆ ಹೋಗುತ್ತದೆ, ತೀರ್ಪು ಸಿದ್ಧಾರ್ಥನ ಕಡೆ ಆಗುತ್ತದೆ. ದೇವದತ್ತ ಅಂದಿನಿಂದ ಹಗೆಯಾಗುತ್ತಾನೆ.

ಆಯಿಯ ಕಡೆಯವರು ಈ ಕಥೆ ಹೇಳಿ, ‘ಮುಗೀತಲ್ಲ, ಗಾಯ ತೊಳೆದವರದೇ ಬೆಕ್ಕು’ ಎಂದರು. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಸ್ವಲ್ಪ ನಿಧಾನವಾಗಿ ನೋಡಿ. ಕಥೆಯಲ್ಲಿ ಬಾಣ ಬಿಟ್ಟವನು ಒಬ್ಬ, ಬಾಣ ತೆಗೆದವನು ಇನ್ನೊಬ್ಬ. ನಮ್ಮ ಓಣಿಯಲ್ಲಿ ಬಾಣ ಬಿಟ್ಟವರು ಯಾರು? ಆ ಹುಡುಗಿ ಚರಂಡಿಯಿಂದ ಎತ್ತದಿದ್ದರೆ ಆಯಿಯ ಕಟ್ಟೆಗೆ ಬರಲು ಬೆಕ್ಕೇ ಇರುತ್ತಿರಲಿಲ್ಲ. ಆಯಿ ಎತ್ತದಿದ್ದರೆ ಹುಡುಗಿ ಹುಡುಕಲು ಬೆಕ್ಕು ಉಳಿಯುತ್ತಿರಲಿಲ್ಲ. ಇಬ್ಬರೂ ಸಿದ್ಧಾರ್ಥರೇ. ದೇವದತ್ತನನ್ನು ಹುಡುಕಿ ಆ ಪಾತ್ರವನ್ನು ಯಾರಿಗಾದರೂ ಹಚ್ಚಿಬಿಟ್ಟರೆ ತೀರ್ಪು ಸುಲಭ, ಅದಕ್ಕೇ ಎರಡೂ ಕಡೆಯವರು ಹಾಗೆ ಮಾಡಲು ಹೋದರು. ಒಬ್ಬರಿಗೆ ಇವರು ‘ಬಿಟ್ಟು ಓಡಿದವರು’, ಇನ್ನೊಬ್ಬರಿಗೆ ಅವರು ‘ಕಳ್ಳಿ’.

ಕಾನೂನಿಗೆ ಹೋಗೋಣ ಎಂದವರೂ ಇದ್ದಾರೆ. ಕಾನೂನಿನ ಕಣ್ಣಿಗೆ ಸಾಕುಬೆಕ್ಕು ಒಂದು ಚರ ಸ್ವತ್ತು. ಸೈಕಲ್ಲಿನ ಹಾಗೆ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಪ್ರಾಣಿಯನ್ನು ಇಟ್ಟುಕೊಂಡವರು ಅದರ ಕ್ಷೇಮ ನೋಡಿಕೊಳ್ಳಬೇಕು ಎನ್ನುತ್ತದೆ. ಹಸಿವು ನೀರಡಿಕೆಯಿಂದ ನರಳುವಂತೆ ಸಕಾರಣವಿಲ್ಲದೆ ಬಿಟ್ಟುಹೋಗುವುದನ್ನು ಅಪರಾಧ ಎನ್ನುತ್ತದೆ. ಸಂವಿಧಾನದ 51ಎ ವಿಧಿಯಲ್ಲಿ ಜೀವಿಗಳ ಮೇಲೆ ಅನುಕಂಪ ನಾಗರಿಕರ ಕರ್ತವ್ಯ. ಅದು 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. ಇಷ್ಟು ಗೊತ್ತಿದ್ದರೆ ಸಾಕು. ಒಂದು ಬೆಕ್ಕಿಗಾಗಿ ನಮ್ಮ ಇಬ್ಬರು ಹೆಣ್ಣುಮಕ್ಕಳು ಠಾಣೆಯ ಮೆಟ್ಟಿಲು ಹತ್ತಿ ಅಲ್ಲಿ ಯಾವ ಮಾತು ಕೇಳಿಸಿಕೊಳ್ಳಬೇಕಾದೀತು ಎಂಬುದು ನಮಗೆಲ್ಲ ಗೊತ್ತೇ ಇದೆ.

ಇನ್ನೊಬ್ಬ ಹಿರಿಯರು, ‘ಎಲ್ಲವೂ ಅನಿತ್ಯ, ಅನಾತ್ಮ. ನನ್ನದು ನಿನ್ನದು ಎಂಬುದೇ ತೃಷ್ಣೆ. ಬೆಕ್ಕು ಯಾರದೂ ಅಲ್ಲ’ ಎಂದರು. ಅವರ ವಯಸ್ಸಿಗೆ ಗೌರವವಿಟ್ಟೇ ಹೇಳುತ್ತೇನೆ, ಈ ಮಾತು ನನಗೆ ಇಷ್ಟವಾಗಲಿಲ್ಲ. ಅನಾತ್ಮದ ಉಪದೇಶ ಕೊಟ್ಟವರು ಬುದ್ಧರೇ. ಆದರೆ ಹಕ್ಕಿಯ ವಿಷಯದಲ್ಲಿ ‘ಯಾರದೂ ಅಲ್ಲ’ ಎಂದು ಸಿದ್ಧಾರ್ಥ ಕೈ ತೊಳೆದುಕೊಳ್ಳಲಿಲ್ಲ. ಮಧ್ಯಸ್ಥಿಕೆಗೆ ಹೋಗಿ ವಾದ ಮಾಡಿ ಗೆದ್ದ. ‘ಯಾವುದೂ ಯಾರದೂ ಅಲ್ಲ’ ಎಂಬ ವೇದಾಂತವನ್ನು ನಾವು ತಲೆಮಾರುಗಳಿಂದ ಕೇಳಿದ್ದೇವೆ. ಹೊಲ, ಬಾವಿ, ಮನೆ ಎಲ್ಲ ಇದ್ದವರು ಏನೂ ಇಲ್ಲದವರಿಗೆ ಹೇಳುತ್ತಿದ್ದ ಮಾತು ಅದು. ಅದನ್ನೇ ಈಗ ನಾವು ಒಬ್ಬ ಮುದುಕಿಗೂ ಒಂದು ಮಗುವಿಗೂ ಹೇಳಬೇಕೆ?

ಮೂರನೆಯ ಸಲಹೆ ಹುಡುಗರದು. ಬೆಕ್ಕನ್ನು ನಡುವೆ ಬಿಟ್ಟು ಇಬ್ಬರೂ ಕರೆಯಲಿ, ಯಾರ ಬಳಿ ಹೋಗುತ್ತದೋ ಅವರದು. ಚೆನ್ನಾಗಿ ನಕ್ಕೆವು. ಬೆಕ್ಕು ಮೀನಿನ ತಲೆ ಇದ್ದ ಕಡೆ ಹೋಗುತ್ತದೆ, ಅದಕ್ಕೆ ಪಂಚಾಯಿತಿ ಯಾಕೆ? ಆದರೆ ಈ ಸಲಹೆಯಿಂದ ನನಗೆ ಮಹೋಸಧನ ಕಥೆ ನೆನಪಾಯಿತು. ಜಾತಕಗಳಲ್ಲಿ 546ನೆಯದಾದ ಮಹಾ ಉಮ್ಮಗ್ಗ ಜಾತಕದಲ್ಲಿ ಬೋಧಿಸತ್ವ ಮಹೋಸಧನೆಂಬ ಹುಡುಗ. ಮಿಥಿಲೆಯ ಹತ್ತಿರದ ಊರಿನಲ್ಲಿ ಜನರ ವ್ಯಾಜ್ಯ ತೀರಿಸುತ್ತಾನೆ. ಒಂದು ಮಗುವಿಗಾಗಿ ತಾಯಿ ಮತ್ತು ಯಕ್ಷಿಣಿ ಜಗಳವಾಡುತ್ತ ಬರುತ್ತಾರೆ. ಆತ ನೆಲದ ಮೇಲೆ ಗೆರೆ ಎಳೆದು, ಮಗುವನ್ನು ಅದರ ಮೇಲೆ ಮಲಗಿಸಿ, ಒಬ್ಬಳಿಗೆ ಕೈ, ಇನ್ನೊಬ್ಬಳಿಗೆ ಕಾಲು ಹಿಡಿಸಿ ಎಳೆಯಿರಿ ಎನ್ನುತ್ತಾನೆ. ಮಗು ಚೀರುತ್ತದೆ. ತಾಯಿ ಕೈ ಬಿಟ್ಟು ಅಳುತ್ತ ನಿಲ್ಲುತ್ತಾಳೆ. ಬಿಟ್ಟವಳೇ ತಾಯಿ ಎಂದು ಮಗುವನ್ನು ಆಕೆಗೆ ಕೊಡಿಸುತ್ತಾನೆ. ಬೈಬಲ್ಲಿನ ಸೊಲೊಮನ್ ರಾಜನ ಕಥೆಯೂ ಹೀಗೇ ಇದೆ, ಅಲ್ಲಿ ಕತ್ತಿ ಬರುತ್ತದೆ.

ಮಹೋಸಧ ನೋಡಿದ್ದು ಮಗು ಯಾರ ಕಡೆ ವಾಲುತ್ತದೆ ಎಂದಲ್ಲ, ಹಿಡಿದವರ ಕೈಯನ್ನು. ಈ ಕಥೆಯನ್ನು ಎಷ್ಟೋ ಸಲ ‘ಬಿಟ್ಟುಕೊಡುವುದೇ ಪ್ರೀತಿ’ ಎಂದು ಹೇಳಿ ಮುಗಿಸುತ್ತಾರೆ. ನನಗೆ ಅಲ್ಲಿ ಒಂದು ಭಯವಿದೆ. ಗೆರೆಯ ಪಕ್ಕದಲ್ಲಿ ಮಹೋಸಧ ಇರದಿದ್ದರೆ ಏನಾಗುತ್ತಿತ್ತು? ತಾಯಿ ಕೈ ಬಿಟ್ಟಿದ್ದಳು, ಯಕ್ಷಿಣಿ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದಳು. ಅಷ್ಟೇ. ನೋಡುವ ನ್ಯಾಯಾಧೀಶನಿಲ್ಲದ ಕಡೆ, ನೋವಾಗಬಾರದೆಂದು ಕೈ ಬಿಟ್ಟವರು ಸೋತೇ ಸೋಲುತ್ತಾರೆ. ಊರ ಹೊರಗೆ ಕೂತ ನಮ್ಮ ಅಜ್ಜಂದಿರು ಎಷ್ಟು ಸಲ ‘ಹೋಗಲಿ ಬಿಡಪ್ಪ, ರಕ್ತ ಹರಿಯುವುದು ಬೇಡ’ ಎಂದು ಕೈ ಬಿಟ್ಟಿರಬಹುದು. ಅವರಿಗೆ ಯಾವ ಮಹೋಸಧನೂ ಏನನ್ನೂ ಹಿಂದಕ್ಕೆ ಕೊಡಿಸಲಿಲ್ಲ. ಕರುಣೆ ಇದ್ದರೆ ಸಾಲದು, ಅದನ್ನು ಗುರುತಿಸಿ ನ್ಯಾಯ ಕೊಡುವ ಕಟ್ಟೆಯೂ ಬೇಕು ಎಂದು ಬಾಬಾಸಾಹೇಬರ ಬದುಕೇ ಹೇಳುತ್ತದೆ.

ಅದೇ ಜಾತಕದಲ್ಲಿ ಎತ್ತಿನ ವ್ಯಾಜ್ಯವೊಂದಿದೆ, ಅದು ನನಗೆ ಇನ್ನೂ ಹೆಚ್ಚು ಇಷ್ಟ. ಎತ್ತು ಕದ್ದವನು, ನಾನಿದಕ್ಕೆ ಗಂಜಿ, ಎಳ್ಳಿನ ಹಿಟ್ಟು, ಕಾಳು ತಿನ್ನಿಸಿದ್ದೇನೆ ಎನ್ನುತ್ತಾನೆ. ನಿಜವಾದ ಒಡೆಯ, ನಾನು ಬಡವ, ಹುಲ್ಲು ಹಾಕಿದ್ದೇನೆ ಎನ್ನುತ್ತಾನೆ. ಮಹೋಸಧ ಸೊಪ್ಪು ಅರೆದು ಕುಡಿಸುತ್ತಾನೆ, ಎತ್ತು ಕಾರಿಕೊಂಡದ್ದು ಬರೀ ಹುಲ್ಲು. ಏನು ತಿನ್ನಿಸಿದಿರಿ ಎಂಬ ಒಂದು ಪ್ರಶ್ನೆ. ಅಷ್ಟರಲ್ಲಿ ಎಲ್ಲ ತಿಳಿಯಿತು.

ಇನ್ನು ‘ಕಳ್ಳಿ’ ಎಂಬ ಮಾತು. ವಿನಯ ಪಿಟಕದಲ್ಲಿ ಕಳವಿನ ಬಗ್ಗೆ ಇರುವುದು ಎರಡನೆಯ ಪಾರಾಜಿಕ. ಅಲ್ಲಿ ಬರುವ ಪ್ರಸಂಗ ಕೇಳಿ. ಬೇಟೆಗಾರನ ಬಲೆಗೆ ಬಿದ್ದ ಹಂದಿಯನ್ನು ಒಬ್ಬ ಭಿಕ್ಖು ಕರುಣೆಯಿಂದ ಬಿಡಿಸುತ್ತಾನೆ. ತಪ್ಪಿಲ್ಲ ಎನ್ನುತ್ತಾರೆ ಬುದ್ಧರು. ಅದೇ ಹಂದಿಯನ್ನು ಕದಿಯುವ ಮನಸ್ಸಿನಿಂದ ಬಿಡಿಸಿದರೆ ಆತ ಭಿಕ್ಖುವಾಗಿ ಉಳಿಯುವುದಿಲ್ಲ. ಕೈ ಮಾಡಿದ ಕೆಲಸ ಒಂದೇ, ಬೇರೆಯಾದದ್ದು ಮನಸ್ಸು. ಇದನ್ನು ಆಯಿಯ ಮನೆಗೆ ತಂದು ನೋಡಿದರೆ, ಕಟ್ಟೆಯ ಕೆಳಗಿನಿಂದ ಬೆಕ್ಕನ್ನು ಎತ್ತಿದ ದಿನ ಆಯಿ ಕಳ್ಳಿಯಲ್ಲ. ಎಂಟು ತಿಂಗಳಲ್ಲಿ ಒಂದು ದಿನವೂ ಅಲ್ಲ. ಆದರೆ ಹುಡುಗಿ ಬಾಗಿಲಿಗೆ ಬಂದು ಕೇಳಿದಾಗ ‘ಇಲ್ಲಿಲ್ಲ’ ಎಂದ ಆ ಗಳಿಗೆಯಲ್ಲಿ ಮನಸ್ಸು ಹೊರಳಿತು. ಅದನ್ನು ಆಯಿಗೆ ಹೇಳುವುದು ನನಗೆ ಕಷ್ಟವಾಯಿತು. ಹೇಳಿದೆ. ಹಾಗೆಯೇ ಆ ಮನೆಯವರಿಗೂ. ಊರು ಬಿಡಿಸಿದ್ದು ಬಡತನ, ಅದನ್ನು ನಾವು ಯಾರೂ ತಪ್ಪೆನ್ನಲಾರೆವು. ಆದರೆ ‘ನಾವಿಲ್ಲದಾಗ ಒಂದು ಹಿಡಿ ಅನ್ನ ಹಾಕಿ’ ಎಂದು ಪಕ್ಕದ ಮನೆಗೆ ಹೇಳಿ ಹೋಗಲು ದುಡ್ಡೇನೂ ಬೇಕಿರಲಿಲ್ಲ.

ತೀರ್ಪು ಕೊಡುವವರು ಯಾರು ಎಂಬುದಕ್ಕೆ ದಾರಿ ಬಾಬಾಸಾಹೇಬರ ಪುಸ್ತಕದಲ್ಲೇ ಇತ್ತು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಹೊಡೆದಾಟವಾದಾಗ ಸೇನಾಪತಿ ಯುದ್ಧವೆನ್ನುತ್ತಾನೆ. ಸಿದ್ಧಾರ್ಥ ಸಂಘದ ಸಭೆಯಲ್ಲಿ ಎದ್ದು ನಿಂತು, ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಸೇರಿ ಐದನೆಯವರನ್ನು ಆರಿಸಲಿ, ಈ ಐವರು ತೀರ್ಮಾನಿಸಲಿ ಎಂದು ಸೂಚಿಸುತ್ತಾನೆ. ಸಭೆ ಅದನ್ನು ಒಪ್ಪಲಿಲ್ಲ. ಬಹುಮತ ಯುದ್ಧದ ಕಡೆಗಿತ್ತು. ಆತ ಮನೆ ಬಿಟ್ಟದ್ದು ಆ ಜಗಳದಿಂದಲೇ ಎಂದು ಬಾಬಾಸಾಹೇಬರು ತೋರಿಸಿದ್ದಾರೆ. ಅಂದು ಶಾಕ್ಯರು ಬೇಡವೆಂದ ಆ ಐವರನ್ನು ನಾವು ಹೋದ ಗುರುವಾರ ಸಂಜೆ ವಿಹಾರದಲ್ಲಿ ಕೂರಿಸಿದೆವು. ನಾಲ್ವರು ಸೇರಿ ಐದನೆಯವರಾಗಿ ಆರಿಸಿದ್ದು ಬೆಕ್ಕು ಕಂಡರಾಗದ ಒಬ್ಬ ಆಟೋ ಚಾಲಕರನ್ನು. ಪಕ್ಷಪಾತ ಆಗುವುದಿಲ್ಲ ಎಂಬ ಧೈರ್ಯ!

ಆದರೆ ಒಳ್ಳೆಯ ಪ್ರಶ್ನೆ ಕೇಳಿದ್ದು ಅವರೇ. ‘ಬೆಕ್ಕು ನಿಮಗೆ ಸಿಗಲಿಲ್ಲ ಅಂತ ಇಟ್ಟುಕೊಳ್ಳಿ. ಸಿಕ್ಕವರಿಗೆ ಏನು ಹೇಳಿ ಕಳಿಸುತ್ತೀರಿ?’

ಆಯಿ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ಮೋಡ ಕವಿದರೆ ಹಿಂಗಾಲು ನೋಯುತ್ತದೆ, ಎತ್ತರ ಹಾರಲು ಬಿಡಬೇಡಿ, ಬರೀ ಹಾಲು ಕೊಟ್ಟರೆ ಭೇದಿ ಆಗುತ್ತದೆ, ಅನ್ನ ಕಿವುಚಿ ಕೊಡಿ, ಕತ್ತಲಾಗುವ ಮೊದಲು ಬಾಗಿಲು ಹಾಕಿ ಎಂದರು. ಹುಡುಗಿ, ಪಟಾಕಿ ಸದ್ದಾದರೆ ಚಿನ್ನಿ ಕೊಡದ ಹಿಂದೆ ಹೋಗಿ ಕೂರುತ್ತಾಳೆ, ಎಳೆಯಬಾರದು, ತಾನಾಗಿ ಬರಬೇಕು ಎಂದಳು. ಆಯಿ ಅವಳತ್ತ ತಿರುಗಿ ನೋಡಿದರು. ಅದು ಆಯಿಗೆ ಗೊತ್ತಿರಲಿಲ್ಲ. ಹುಡುಗಿಯ ತಾಯಿ ಹೇಳಿದ್ದು ಇಷ್ಟು: ‘ನನಗೆ ಬೆಕ್ಕಿನ ಬಗ್ಗೆ ಏನೂ ಗೊತ್ತಿಲ್ಲ. ನನ್ನ ಮಗಳು ಅಳೋದು ನೋಡಕ್ಕಾಗಲ್ಲ.’ ಇದೂ ಹುಲ್ಲು ಹಾಕಿದೆ ಎಂದ ಆ ಬಡವನ ಹಾಗೆ ನಿಜವಾದ ಮಾತೇ.

ಆಮೇಲೆ ಹುಡುಗಿ ಮೆಲ್ಲಗೆ, ‘ಆಯಿ ಹತ್ರನೇ ಇರಲಿ ಬಿಡಿ’ ಎಂದಳು. ನನಗೆ ಎದೆ ಧಸಕ್ಕೆಂದಿತು. ಮಗು ಕೈ ಬಿಟ್ಟಿತು. ಸರಿ, ಮುಗೀತು ಎಂದು ಎದ್ದು ಹೋದರೆ ನಾವು ಐದು ಜನ ಯಕ್ಷಿಣಿಯ ಕಡೆಯ ಸಾಕ್ಷಿಗಳಾಗುತ್ತಿದ್ದೆವು. ಐವರಿಗೂ ಅದು ಹೊಳೆಯಿತು ಎಂದುಕೊಳ್ಳುತ್ತೇನೆ, ಏಕೆಂದರೆ ಯಾರೂ ಏಳಲಿಲ್ಲ. ಮತ್ತೆ ಕೆಲಸಕ್ಕೆ ಹೋಗುತ್ತೀರಾ ಎಂದು ತಂದೆಯನ್ನು ಕೇಳಿದರು. ಸುಗ್ಗಿ ಮುಗಿದರೆ ಹೋಗಲೇಬೇಕು ಎಂದರು.

ರಾತ್ರಿ ಹತ್ತರ ಹೊತ್ತಿಗೆ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ, ಹೆಬ್ಬೆಟ್ಟು ಆಯಿತು. ಬೆಕ್ಕು ಆಯಿಯ ಮನೆಯಲ್ಲಿ ಇರುತ್ತದೆ, ಅದರ ಊಟ ಔಷಧಿಯ ಹೊಣೆ ಆಯಿಯದು. ಹುಡುಗಿ ಯಾವಾಗ ಬಂದರೂ ಬಾಗಿಲು ತೆರೆದಿರಬೇಕು, ಅದು ಆಯಿಯ ದಯೆಯಲ್ಲ, ಹುಡುಗಿಯ ಹಕ್ಕು. ಆಯಿಗೆ ಹುಷಾರಿಲ್ಲದಾದರೆ, ಅಥವಾ ಆಯಿ ಊರಲ್ಲಿಲ್ಲದಾದರೆ, ಬೆಕ್ಕು ಮೊದಲು ಹುಡುಗಿಯ ಮನೆಗೆ. ಅವಳನ್ನು ಕೇಳದೆ ಬೇರೆ ಯಾರಿಗೂ ಕೊಡುವಂತಿಲ್ಲ. ಹೆಸರಿನ ಬಗ್ಗೆ ಒಪ್ಪಂದವಾಗಲಿಲ್ಲ, ಬೆಕ್ಕು ಎರಡಕ್ಕೂ ಓಗೊಡುತ್ತದೆ ಎಂದು ಬಿಟ್ಟರು. ನನ್ನನ್ನು ಕೇಳಿದ್ದರೆ ನಾನು ಹುಡುಗಿಗೆ ಕೊಡಿಸುತ್ತಿದ್ದೆನೇನೋ. ಇವತ್ತಿಗೂ ಅರ್ಧ ಮನಸ್ಸು ಆ ಕಡೆಯೇ ಇದೆ. ಆದರೆ ಸುಗ್ಗಿಯ ನಂತರದ ಎಂಟು ತಿಂಗಳಿಗೆ ನನ್ನ ಬಳಿ ಉತ್ತರವಿರಲಿಲ್ಲ, ಐವರ ಬಳಿ ಇತ್ತು.

ಭಾನುವಾರ ತ್ರಿಶರಣ ಪಂಚಶೀಲ ಆದ ಮೇಲೆ ಆಯಿ ಎದ್ದು ನಿಂತು, ‘ಅವತ್ತು ನಾನು ಕೂಸಿಗೆ ಸುಳ್ಳು ಹೇಳಿದೆ’ ಎಂದು ಎಲ್ಲರೆದುರು ಹೇಳಿದರು. ಎಪ್ಪತ್ತು ದಾಟಿದ ಜೀವ. ಸುತ್ತಿ ಬಳಸಿ ಹೇಳಲಿಲ್ಲ. ಬಿಳಿ ಸೀರೆಯ ಮೇಲೆಲ್ಲ ಬೆಕ್ಕಿನ ಕೂದಲು. ಹುಡುಗಿ ಅವರ ಪಕ್ಕದ ಚಾಪೆಯಲ್ಲೇ ಕೂತಿದ್ದಳು. ‘ಕಳ್ಳಿ’ ಎಂಬ ಮಾತನ್ನು ಹಿಂತೆಗೆದುಕೊಳ್ಳಬೇಕೆಂದೂ ಹಾಳೆಯಲ್ಲಿ ಬರೆದಿತ್ತು, ಆದರೆ ಹುಡುಗಿಯ ತಾಯಿ ಅಂದು ಬರಲಿಲ್ಲ. ಅವರಿಗೆ ತೀರ್ಪು ಇನ್ನೂ ನುಂಗಲಾಗಿಲ್ಲ. ನಾಳೆ ಬೆಳಿಗ್ಗೆ ಅವರು ಕೆಲಸಕ್ಕೆ ಹೋಗುವ ಮೊದಲು ಮನೆಗೆ ಹೋಗಿ ಮಾತಾಡಿಸಿ ಬರಬೇಕೆಂದಿದ್ದೇವೆ. ಬರುವವರು ಆರೂವರೆಗೆ ವಿಹಾರದ ಹತ್ತಿರ ಬನ್ನಿ. ಮೂರ್ನಾಲ್ಕು ಜನ ಸಾಕು, ಗುಂಪು ಬೇಡ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್.